ಅಮಾವಾಸ್ಯೆಗೆ ರಜೆ ಹಾಕುವ ಕಳ್ಳ

ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಆ ಬುಧವಾರ ಸಂಜೆ ಬಂದ ಸಿಟ್ಟಿಗೆ ನ್ಯಾಯವಾದ ಕಾರಣವಿತ್ತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಪುಟ್ಟ ಚೌಕಟ್ಟೊಂದು ಎದ್ದು ನಿಂತು, ಡಿಸ್ಕಿನಲ್ಲಿ ಜಾಗವಿಲ್ಲ, ಫೈಲ್ ಉಳಿಸಲು ಆಗುವುದಿಲ್ಲ ಎಂದಿತು. ಮೊಳಕಾಲ್ಮೂರಿನ ನಮ್ಮ ಮನೆಯ ಹಿಂಭಾಗದ ಮಗ್ಗದ ಕೋಣೆಯಲ್ಲಿ ನಮ್ಮ ಅತ್ತೆ ಆಗಲೇ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಇನ್ನು ಹತ್ತು ನಿಮಿಷಕ್ಕೆ ಅವರು ಮೇನ್ ಸ್ವಿಚ್ ಕೆಳಗೆಳೆಯುತ್ತಾರೆ. ಅಷ್ಟರೊಳಗೆ ಫೈಲ್ ಉಳಿಯದಿದ್ದರೆ, ಬೆಳಿಗ್ಗೆಯಿಂದ ಹಿಂದಿನ ಓಣಿಯ ತಾತ ಪಕ್ಕದಲ್ಲಿ ಕೂತು ಹೇಳಿ ತುಂಬಿಸಿದ್ದೆಲ್ಲ ಹೋಗುತ್ತದೆ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ರೇಷ್ಮೆ ಸೀರೆಯ ಅಂಚು, ಸೆರಗುಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬುತ್ತೇನೆ. ಆ ನಕ್ಷೆ ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಆ ಕಾರ್ಡುಗಳು ಮಗ್ಗದ ಮೇಲೆ ಕೂತು, ಯಾವ ಎಳೆ ಮೇಲೇಳಬೇಕು ಯಾವುದು ಸುಮ್ಮನಿರಬೇಕು ಎಂದು ತೀರ್ಮಾನಿಸುತ್ತವೆ. ಹಿಂದೆ ಇದನ್ನೆಲ್ಲ ಗ್ರಾಫ್ ಕಾಗದದ ಮೇಲೆ ಕೈಯಲ್ಲಿ ಬರೆಯುತ್ತಿದ್ದರು. ಹಾಗೆ ಬರೆಯುತ್ತಿದ್ದವರಲ್ಲಿ ನಮ್ಮ ಕಡೆ ಉಳಿದವರು ಹಿಂದಿನ ಓಣಿಯ ತಾತ ಒಬ್ಬರೇ. ನನಗೆ ಸಂಬಂಧದಲ್ಲಿ ಏನೂ ಆಗಬೇಕಿಲ್ಲ. ನನ್ನ ಗುರುಗಳು ಅಷ್ಟೆ. ಊರಿನವರಿಗೆಲ್ಲ ಅವರು ಗ್ರಾಫಿನ ತಾತ.

ಎರಡು ವರ್ಷದ ಹಿಂದೆ ತಾತ ತಮ್ಮ ಹುಣಸೆ ಹೂವಿನ ಅಂಚನ್ನು ನನ್ನ ಕೈಗಿಟ್ಟಿದ್ದರು. ಹನ್ನೊಂದು ಗ್ರಾಫ್ ಹಾಳೆಗಳನ್ನು ಅಂಟಿಸಿ ಮಾಡಿದ ನಕ್ಷೆ. ಅಂಚಿನುದ್ದಕ್ಕೂ ಸಣ್ಣ ಸಣ್ಣ ಹೂವು, ಸೆರಗಿಗೆ ಬಂದರೆ ಅವೇ ಹೂವು ಗೊಂಚಲು ಗೊಂಚಲಾಗಿ ಇಳಿಬಿದ್ದಿರುತ್ತವೆ. ವರ್ಷಗಟ್ಟಲೆ ತಿದ್ದಿ ತೀಡಿದ್ದ ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ಮೂರು ತಿಂಗಳು ಕೂತು ಒಂದೊಂದೇ ಚೌಕ ತುಂಬಿದೆ. ಅವರ ಪದ್ಧತಿಯೊಂದಿತ್ತು: ನಕ್ಷೆ ಪೂರ್ತಿ ಮುಗಿದ ಮೇಲೆ ಎಲ್ಲೋ ಒಂದು ಕಡೆ ಒಂದೇ ಒಂದು ಚೌಕವನ್ನು ಬೇಕೆಂದೇ ಖಾಲಿ ಬಿಡುವುದು. ಕೂಸಿನ ಕೆನ್ನೆಗೆ ಇಡುವ ಬೊಟ್ಟಿನ ಹಾಗೆ, ದೃಷ್ಟಿ ತಾಗದಿರಲಿ ಅಂತ. ಮುಗಿಯದ ನಕ್ಷೆಗೆ ಅವರು ಬೊಟ್ಟು ಬಿಡುತ್ತಿರಲಿಲ್ಲ. ಆ ಖಾಲಿ ಚೌಕವನ್ನೂ ನಾನು ಇದ್ದ ಹಾಗೆಯೇ ಇಳಿಸಿಕೊಂಡೆ.

ಆಮೇಲೆ ಮಾಡಿದ್ದು ದುರಹಂಕಾರದ ಕೆಲಸ. ಹಾಳೆಗಳನ್ನು ವಾಪಸು ಕೊಡುವಾಗ, "ಎಲ್ಲಾ ಕಂಪ್ಯೂಟರ್‌ನಾಗೆ ಐತೆ ತಾತ, ಇನ್ನು ಈ ಕಾಗದ ಇಟ್ಕೊಂಡು ಏನ್ ಮಾಡ್ತೀರಿ" ಎಂದುಬಿಟ್ಟೆ. ತಾತ ನನ್ನ ಮಾತು ನಂಬಿ ಅವನ್ನು ರದ್ದಿಯ ಜೊತೆ ಹಾಕಿದರು. ಅವರ ಸೊಸೆ ರದ್ದಿಯನ್ನು ನೀರೊಲೆಗೆ ಹಾಕಿದಳು. ಅದಾಗಿ ವಾರವಾಗಿರಲಿಲ್ಲ, ಗೌರಿ ಹಬ್ಬದ ಹಿಂದಿನ ಸಂಜೆ ನಾನು ಬಣ್ಣಗಳನ್ನು ಒಮ್ಮೆ ಸರಿಮಾಡಿ ಉಳಿಸುವ ಗುಂಡಿ ಒತ್ತಿದ ಗಳಿಗೆಯಲ್ಲೇ ಕರೆಂಟು ಹೋಯಿತು. ಹಬ್ಬ ಕಳೆದು ತೆರೆದರೆ ಫೈಲ್ ಬರೀ ಬಿಳಿ. ಒಂದು ಹೂವೂ ಇರಲಿಲ್ಲ.

"ಕಂಪ್ಯೂಟರ್ ತಿಂದ್ಬಿಡ್ತು ತಾತ" ಎಂದು ಅವರ ಮನೆ ಬಾಗಿಲಲ್ಲಿ ನಿಂತು ಹೇಳಿದೆ. ಅವರು ಬೈಯಲಿಲ್ಲ. "ಅರ್ಧ ನಿನ್ ಮಿಷಿನ್ ತಿಂತು, ಅರ್ಧ ನಮ್ ಒಲೆ ತಿಂತು, ಬಿಡಮ್ಮ" ಎಂದು ಒಳಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎರಡು ವರ್ಷ ಆ ಓಣಿಯಲ್ಲಿ ಹೋಗುವಾಗೆಲ್ಲ ತಲೆ ತಗ್ಗಿಸಿಕೊಂಡೇ ಓಡಾಡಿದೆ.

ಈ ನಡುವೆ ಶುಗರ್ ಅವರ ಕಣ್ಣಿಗೆ ಇಳಿಯಿತು. ಉಳಿದಿರುವ ದೃಷ್ಟಿ ಎಷ್ಟು ದಿನ ಇರುತ್ತದೋ ಹೇಳಲಾಗದು ಎಂದರಂತೆ ಡಾಕ್ಟರು. ಅದನ್ನು ಕೇಳಿಕೊಂಡು ಬಂದ ಮರುದಿನ ತಾತ ಗೋಡೆ ಹಿಡಿದುಕೊಂಡು ನಮ್ಮ ಮಗ್ಗದ ಕೋಣೆಗೆ ಬಂದರು.

"ಮಿಷಿನ್ ತೆಗಿಯಮ್ಮ. ನಾನು ಬಾಯಾಗೆ ಹೇಳ್ತೀನಿ, ನೀನು ತುಂಬು" ಎಂದರು. "ಆ ಅಂಚು ಪೂರ್ತಿ ಆಗಿದ್ದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು. ಆಮೇಲೆ ಈ ಕಣ್ಣು ಏನಾರ ಮಾಡ್ಕಳ್ಳಲಿ."

ನನಗೂ ಅದಕ್ಕಿಂತ ದೊಡ್ಡ ಆಸೆ ಬೇರೆ ಇರಲಿಲ್ಲ. ಎರಡು ತಿಂಗಳು ದಿನವೂ ಬಂದು ಪಕ್ಕದಲ್ಲಿ ಕೂತರು. ಕಣ್ಣು ಮುಚ್ಚಿಕೊಂಡು, ಮಂತ್ರ ಹೇಳುವವರ ಹಾಗೆ, "ಎರಡು ತುಂಬು, ಮೂರು ಬಿಡು, ಒಂದು ತುಂಬು" ಎನ್ನುತ್ತಿದ್ದರು. ಅಂಚು ಬಂತು, ಸೆರಗಿನ ಎರಡು ಬದಿಯೂ ಬಂತು. ನಡುವಿನ ಗೊಂಚಲಿಗೆ ಬರುವಾಗ ಮಾತ್ರ ಅವರ ನೆನಪು ತಡವರಿಸಿತು. ನಾನು ತುಂಬಿದ್ದನ್ನು ಪರದೆಯಲ್ಲಿ ದೊಡ್ಡದು ಮಾಡಿ ತೋರಿಸಿದರೆ, ಮೂಗು ತಾಗುವಷ್ಟು ಹತ್ತಿರ ಬಂದು ನೋಡಿ, "ಇದಲ್ಲ, ಅಳಿಸು" ಎನ್ನುತ್ತಿದ್ದರು. ದಿನವೂ ತುಂಬುವುದು, ದಿನವೂ ಅಳಿಸುವುದು. "ದೃಷ್ಟಿ ಬೊಟ್ಟು ಎಲ್ಲಿ ಬಿಡ್ಲಿ ತಾತ" ಎಂದು ಕೇಳಿದ್ದಕ್ಕೆ, "ಮುಗೀಲಿ ಇರಮ್ಮ" ಎಂದಿದ್ದರು.

ಅಷ್ಟರಲ್ಲಿ ಈ ಬುಧವಾರದ ಜಾಗವಿಲ್ಲದ ರಾಮಾಯಣ. ಮೊದಲು ಕಣ್ಣಿಗೆ ಬಿದ್ದದ್ದು ನಮ್ಮ ಮನೆಯವರು ತುಂಬಿಟ್ಟಿದ್ದ ತೆಲುಗು ಸಿನಿಮಾಗಳು. ಒಂದನ್ನೂ ಬಿಡದೆ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಫೈಲ್ ಉಳಿಸಿ ಉಸಿರು ಬಿಟ್ಟೆ. ಎರಡು ನಿಮಿಷಕ್ಕೆ ಮೇನ್ ಬಿತ್ತು.

ನಮ್ಮ ಮನೆಯವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಮೇಲೆದ್ದು, "ನನ್ ಸಿನಿಮಾ ಏನ್ ಮಾಡಿದ್ವು ನಿಂಗೆ" ಎಂದರು.

"ಜಾಗ ತಿಂದ್ವು."

"ನಿನ್ ಡಬ್ಬಾ ಹಳೇದಾಯ್ತು ಅನ್ನು. ಅದನ್ನ ಬಿಟ್ಟು ಸಿನಿಮಾ ಮೇಲ್ಯಾಕೆ ಹೇಳ್ತೀಯಾ?"

ಮಾರನೇ ಬೆಳಿಗ್ಗೆ ತೆರೆದು ನೋಡಿದರೆ, ಹಿಂದಿನ ದಿನ ಮಾಡಿಕೊಂಡ ಜಾಗದಲ್ಲಿ ಒಂದಷ್ಟು ಆಗಲೇ ಮಾಯವಾಗಿತ್ತು. ಯಾರೂ ಮುಟ್ಟಿರಲಿಲ್ಲ, ನಾನು ಹೊಸದಾಗಿ ಏನೂ ಹಾಕಿರಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಕಾಣುವ ಒಂದೊಂದು ಫೋಲ್ಡರಿನ ಗಾತ್ರವನ್ನೂ ಹಳೇ ಲಗ್ನಪತ್ರಿಕೆಯ ಹಿಂದೆ ಬರೆದು ಕೂಡಿದೆ. ಎರಡು ಸಲ ಕೂಡಿದೆ. ಎಲ್ಲ ಸೇರಿ ಡಿಸ್ಕಿನ ಅರ್ಧವೂ ಆಗಲಿಲ್ಲ. ಆದರೆ ಡಿಸ್ಕು ಮಾತ್ರ ತಾನು ಹೆಚ್ಚೂಕಡಿಮೆ ತುಂಬಿದ್ದೇನೆ ಎಂದು ಕೆಂಪು ಪಟ್ಟಿ ತೋರಿಸುತ್ತಿತ್ತು. ಉಳಿದ ಅರ್ಧ ಯಾರ ಹೊಟ್ಟೆಗೆ ಹೋಯಿತು?

"ಹಳೇದಾದ ಮಾತ್ರಕ್ಕೆ ತುಂಬ್ಕೊಳ್ಳುತ್ತಾ? ಹಳೇ ಕೊಡ ತಂತಾನೇ ತುಂಬ್ಕೊಳ್ಳುತ್ತೇನ್ರಿ?" ಎಂದು ನಮ್ಮ ಮನೆಯವರನ್ನು ಕೇಳಿದೆ.

ಅವರು ಲಾಳಿ ಎಸೆಯುವುದನ್ನು ನಿಲ್ಲಿಸಲಿಲ್ಲ. "ಚಳ್ಳಕೆರೆಗೆ ತಗೊಂಡು ಹೋಗು. ನನ್ ತಲೆ ತಿನ್ಬೇಡ" ಎಂದರು.

ಶುಕ್ರವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಹಳೇ ಸೀರೆಯಲ್ಲಿ ಸುತ್ತಿ, ಬ್ಯಾಗಿಗೆ ಹಾಕಿ ಬಸ್ ಹತ್ತಿದೆ. ಅದರ ಬ್ಯಾಟರಿ ಸತ್ತು ಮೂರು ವರ್ಷ ಮೇಲಾಗಿದೆ. ವೈರು ಚುಚ್ಚಿದ್ದರಷ್ಟೇ ಜೀವ, ವೈರು ತೆಗೆದರೆ ಅಲ್ಲಿಗೆ ಮುಗಿಯಿತು. ಹಾನಗಲ್ ಕ್ರಾಸು, ತಳಕು ದಾಟಿ ಚಳ್ಳಕೆರೆ ಸೇರುವವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತೆ. ಹೊರಡುವಾಗ ತಾತ ಓಣಿಯ ತಿರುವಿನಲ್ಲಿ ಸಿಕ್ಕಿ, "ಮತ್ತೆ ತಿಂತಾ?" ಎಂದು ಕೇಳಿದ್ದರು. "ಇಲ್ಲ ತಾತ, ತಿನ್ನಾಕೆ ಬಿಡಲ್ಲ" ಎಂದಿದ್ದೆ. ದಾರಿಯುದ್ದಕ್ಕೂ ಆ ಮಾತೇ ಎದೆಯಲ್ಲಿ ಕುಟ್ಟುತ್ತಿತ್ತು.

ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳ ಕಡೆ ಹೋಗುವ ರಸ್ತೆಯಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಭಾಯಿ ನನಗೆ ಹಳೇ ಪರಿಚಯ. ಒಳ್ಳೇ ಕೈ. ಮನೆಯವರ ಜೊತೆ ಉರ್ದು, ಗಿರಾಕಿಗಳ ಜೊತೆ ಕನ್ನಡ, ಸ್ಕ್ರೂ ಬಿಚ್ಚುವಾಗ ಯಾರ ಜೊತೆಯೂ ಮಾತಿಲ್ಲ. ವೈರಸ್ ಹುಡುಕುವ ಪ್ರೋಗ್ರಾಮ್ ಓಡಿಸಿ, ಒಂದು ಗಂಟೆ ಕಾದು, ಏನೂ ಸಿಗದೆ ಕೈ ಚೆಲ್ಲಿದರು.

"ಅಕ್ಕಾ, ಫಾರ್ಮ್ಯಾಟ್ ಹೊಡ್ದುಬಿಡೋಣ. ನಿಮ್ ಡಿಸೈನ್ ಎಲ್ಲಾ ಪೆನ್‌ಡ್ರೈವ್‌ಗೆ ಹಾಕ್ತೀನಿ, ಬಾಕಿ ಎಲ್ಲಾ ಸಾಫ್. ಮಸ್ತ್ ಓಡ್ತೈತೆ."

"ಆ ಡಿಸೈನ್ ಪ್ರೋಗ್ರಾಮು?"

"ಸಿ.ಡಿ. ಐತಾ?"

ಸಿ.ಡಿ. ಎಲ್ಲಿದೆಯೋ ದೇವರೇ ಬಲ್ಲ. ಅದನ್ನು ಹಾಕಿಕೊಟ್ಟವನು ಊರು ಬಿಟ್ಟು ಎಷ್ಟೋ ಕಾಲವಾಗಿದೆ. ಪ್ರೋಗ್ರಾಮು ಹೋದರೆ ತಾತನ ಫೈಲ್ ಇದ್ದೂ ಇಲ್ಲದ ಹಾಗೆ. ಅದೂ ಅಲ್ಲದೆ, ಕಳ್ಳ ಯಾರೆಂದು ಗೊತ್ತಿಲ್ಲದೆ ಮನೆ ತೊಳೆದರೆ ನಾಳೆ ಅವನು ಮತ್ತೆ ಬರುವುದಿಲ್ಲವೇ?

"ಭಾಯ್, ನಾನು ಸಾಫ್ ಮಾಡ್ಸಾಕೆ ಬಂದಿಲ್ಲ. ತಿಂತಿರೋದು ಯಾವ್ದು ಅಂತ ಬೆರಳಿಟ್ಟು ತೋರ್ಸಿ. ಆಮೇಲೆ ಮಾತು" ಎಂದೆ.

"ಬಹಳ ಜಿದ್ದಿ ಅಕ್ಕ ನೀವು" ಎಂದು ಭಾಯಿ ನಕ್ಕರು. ನಾನು ಸ್ಟೂಲಿನಿಂದ ಏಳುವ ಹೆಣ್ಣಲ್ಲ ಎಂದು ಅವರಿಗೆ ಅರ್ಥವಾಗಿತ್ತು.

ಕೊನೆಗೆ ಅವರು ಇನ್ನೊಂದು ಪ್ರೋಗ್ರಾಮ್ ಹಾಕಿದರು. ಡಿಸ್ಕಿನೊಳಗೆ ಏನೇನಿದೆಯೋ ಎಲ್ಲವನ್ನೂ ಬಣ್ಣದ ಚೌಕಗಳಾಗಿ ತೋರಿಸುವಂಥದ್ದು. ದೊಡ್ಡ ಫೈಲಿಗೆ ದೊಡ್ಡ ಚೌಕ, ಸಣ್ಣದಕ್ಕೆ ಸಣ್ಣದು. ಕಣ್ಣಿಗೆ ಕಾಣದಂತೆ ಅಡಗಿಸಿಟ್ಟ ಫೋಲ್ಡರುಗಳನ್ನೂ ಅದು ಬಿಡುವುದಿಲ್ಲ ಎಂದರು. ಪರದೆ ನಿಧಾನವಾಗಿ ತುಂಬುತ್ತಾ ಬಂತು. ಭಾಯಿಗೆ ಅದು ಬರೀ ಬಣ್ಣದ ಗಲೀಜು. ನಾನೋ, ದಿನವಿಡೀ ಚೌಕ ನೋಡಿಯೇ ಅನ್ನ ತಿನ್ನುವವಳು. ನೋಡಿದ ಕೂಡಲೇ ಬೆನ್ನು ನೆಟ್ಟಗಾಯಿತು.

ಪರದೆಯ ಬಲಭಾಗದಲ್ಲಿ, ಅರ್ಧಕ್ಕರ್ಧ ಜಾಗದಲ್ಲಿ, ಒಂದೇ ಬಣ್ಣದ, ಹೆಚ್ಚೂಕಡಿಮೆ ಒಂದೇ ಅಳತೆಯ ನೂರಾರು ಚೌಕಗಳು ಸಾಲಾಗಿ ಕೂತಿದ್ದವು. ಸೀರೆಯ ಒಡಲ ಮೇಲೆ ಬುಟ್ಟಾ ಹಾಕಿದ ಹಾಗಿತ್ತು. ಬೇರೆ ಎಲ್ಲ ಕಡೆ ಅಡ್ಡಾದಿಡ್ಡಿ, ಇಲ್ಲಿ ಮಾತ್ರ ಶಿಸ್ತು.

"ಇದೇನೋ ಗಡಬಡ್ ಐತೆ" ಎಂದು ಭಾಯಿ ಒಂದರ ಮೇಲೆ ಒತ್ತಿದರು. ಯಾವುದೋ ಅಡಗಿಸಿಟ್ಟ ತಾತ್ಕಾಲಿಕ ಫೋಲ್ಡರು. ಫೈಲುಗಳಿಗೆ ಹೆಸರೂ ನೆಟ್ಟಗಿಲ್ಲ, ಬರೀ ಅಂಕಿ ಅಕ್ಷರಗಳ ಕಲಸುಮೇಲೋಗರ. "ವೈರಸ್ಸೇ ಇರ್ಬೇಕು. ಎಲ್ಲಾ ಒಟ್ಟಿಗೆ ಹಿಡ್ದು ಡಿಲೀಟ್ ಹೊಡೀಲಾ?"

ನಾನು ಕೀಬೋರ್ಡಿಗೆ ಕೈ ಅಡ್ಡ ಇಟ್ಟೆ. "ತಡೀರಿ. ಇದು ಒಂದೇ ಕೈಯಿನ ಕೆಲಸ. ತಾರೀಖು ತೋರ್ಸಿ ನೋಡೋಣ."

ತಾರೀಖಿನ ಪ್ರಕಾರ ಜೋಡಿಸಿದರು. ದಿನಕ್ಕೊಂದು ಫೈಲು. ನಡುವೆ ಮಧ್ಯಾಹ್ನದವು ಕೆಲವು ಇದ್ದವು, ಉಳಿದವೆಲ್ಲ ಸಂಜೆಯವು. ಅದೂ ಹೊತ್ತು ಮುಳುಗುವ ಸಮಯದವು. ಚಳಿಗಾಲದಲ್ಲಿ ಸ್ವಲ್ಪ ಮುಂಚೆ, ಬೇಸಿಗೆಯಲ್ಲಿ ಸ್ವಲ್ಪ ತಡವಾಗಿ. ಭಾನುವಾರಕ್ಕೂ ಬಿಡುವಿಲ್ಲ. ಆದರೆ ತಿಂಗಳಿಗೊಮ್ಮೆ ಒಂದು ದಿನ ತಪ್ಪದೆ ಖಾಲಿ. ಒಂದು ತಿಂಗಳು ಹದಿನೆಂಟಕ್ಕೆ ಖಾಲಿಯಾದರೆ ಮುಂದಿನದಕ್ಕೆ ಹದಿನೇಳಕ್ಕೆ, ಅದರ ಮುಂದಿನದಕ್ಕೆ ಹದಿನಾರಕ್ಕೆ. ಭಾಯಿ ತಲೆ ಕೆರೆದುಕೊಂಡರು. ನಾನು ಎದ್ದು ಹೋಗಿ, ಗೋಡೆಗೆ ತೂಗುಹಾಕಿದ್ದ ಎಣ್ಣೆ ಗಿರಣಿಯ ಕ್ಯಾಲೆಂಡರ್ ಮಗುಚಿದೆ. ಖಾಲಿ ದಿನಗಳಲ್ಲೆಲ್ಲ ಕಪ್ಪು ಉಂಡೆ ಬರೆದಿತ್ತು.

"ಭಾಯ್, ನಿಮ್ ವೈರಸ್ಸು ಅಮಾವಾಸ್ಯೆಗೆ ರಜೆ ಹಾಕುತ್ತಾ?" ಎಂದೆ.

ಅವರು ಕ್ಯಾಲೆಂಡರ್ ನೋಡಿದರು, ಪರದೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಮತ್ಲಬ್?"

"ಅಮಾವಾಸ್ಯೆ ದಿನ ನಮ್ಮಲ್ಲಿ ಮಗ್ಗ ಆಡಲ್ಲ. ಲ್ಯಾಪ್‌ಟಾಪೂ ತೆಗೆಯಲ್ಲ. ಕಳ್ಳ ಹೊರಗಿನೋನಲ್ಲ, ನಮ್ ಮನೇನೋನೇ."

ಹೇಳುತ್ತಿದ್ದಂತೆಯೇ ನನಗೆ ಪೂರ್ತಿ ಹೊಳೆದುಬಿಟ್ಟಿತು. ಕುಣಿಯಬೇಕೆನ್ನಿಸಿತು, ನಾಲ್ಕು ಜನ ಬಂದುಹೋಗುವ ಅಂಗಡಿ ಅಂತ ಸುಮ್ಮನಿದ್ದೆ.

ನಮ್ಮ ಅತ್ತೆಯ ಕಟ್ಟಳೆ ಹೀಗಿದೆ. ಹೊತ್ತು ಮುಳುಗುವಾಗ ಮಗ್ಗದ ಮುಂದೆ ದೀಪ ಹಚ್ಚಬೇಕು. ಆ ಹೊತ್ತಿಗೆ ಕೋಣೆಯಲ್ಲಿ ಬೇರೆ ಬೆಳಕು ಇರಕೂಡದು. ಟ್ಯೂಬ್‌ಲೈಟು, ಬಾಬಿನ್ ಸುತ್ತುವ ಮೋಟಾರು, ನನ್ನ ಲ್ಯಾಪ್‌ಟಾಪು, ಎಲ್ಲಕ್ಕೂ ಸೇರಿ ಒಂದೇ ಮೇನ್. ಅದನ್ನು ಅವರೇ ಕೆಳಗೆಳೆಯುತ್ತಾರೆ, ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ಜಪ್ಪಯ್ಯ ಅಂದರೂ ಒಂದು ನಿಮಿಷ ಆಚೀಚೆ ಆಗುವುದಿಲ್ಲ. ಅವರು ಬತ್ತಿ ಹೊಸೆಯುವುದು ಕಂಡರೆ ನಾನು ಫೈಲ್ ಉಳಿಸುತ್ತೇನೆ, ಉಳಿಸಿ ಹಾಗೆಯೇ ಬಿಟ್ಟು ಎದ್ದು ಹೋಗುತ್ತೇನೆ. ಪ್ರೋಗ್ರಾಮನ್ನು ಮುಚ್ಚುವುದು, ಲ್ಯಾಪ್‌ಟಾಪನ್ನು ಕ್ರಮವಾಗಿ ಆರಿಸುವುದು, ಅದೆಲ್ಲ ನನಗೆ ಬೇಡದ ಉಪಚಾರ. ಮಗ್ಗ ಬಿಟ್ಟು ಏಳುವವರು ಲಾಳಿಯನ್ನು ಅಲ್ಲೇ ಇಟ್ಟು ಏಳುತ್ತಾರೆ, ಇದೂ ಹಾಗೆಯೇ ಎಂದುಕೊಂಡಿದ್ದೆ. ಮೇನ್ ಬಿದ್ದರೆ ಅದೇ ಆರುತ್ತದೆ, ಮಧ್ಯಾಹ್ನ ಕರೆಂಟು ಹೋದರೂ ಅಷ್ಟೆ.

ಆ ಪ್ರೋಗ್ರಾಮಿಗೋ ಒಂದು ಒಳ್ಳೆಯ ಬುದ್ಧಿ. ಕರೆಂಟು ಹೋದರೆ ಇರಲಿ ಎಂದು, ನಾನು ಕೆಲಸ ಮಾಡುತ್ತಿರುವಾಗಲೇ ಒಂದು ಗುಟ್ಟಿನ ಪ್ರತಿ ಕಟ್ಟಿಡುತ್ತಾ ಹೋಗುತ್ತದೆ. ತುಂಬಿದ್ದು, ಅಳಿಸಿದ್ದು, ಮತ್ತೆ ತುಂಬಿದ್ದು, ಒಂದೂ ಬಿಡದೆ. ಅದಕ್ಕೇ ಅಷ್ಟು ದಪ್ಪ. ಕ್ರಮವಾಗಿ ಮುಚ್ಚಿದರೆ ಆ ಪ್ರತಿಯನ್ನು ತಾನೇ ಎಸೆಯುತ್ತದೆ. ನಾನು ಒಂದು ದಿನವಾದರೂ ಮುಚ್ಚಿದ್ದರೆ ತಾನೇ? ಮಾರನೇ ಬೆಳಿಗ್ಗೆ ಅದು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು, ನಿನ್ನೆಯ ಪ್ರತಿ ಬೇಕೋ ಬೇಡವೋ ಅಂತ. ನಾನು ಓದುವ ಗೋಜಿಗೇ ಹೋಗದೆ ಮೂಲೆಯ ಗುಣಿಸು ಗುರುತು ಒತ್ತಿ ಓಡಿಸುತ್ತಿದ್ದೆ. ಬೇಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಪಾಪ, ಅದು ಎಲ್ಲವನ್ನೂ ಇಟ್ಟುಕೊಂಡು ಕೂತಿತ್ತು.

ಭಾಯಿ ಒಂದು ಫೈಲನ್ನು ಆ ಪ್ರೋಗ್ರಾಮಿನಲ್ಲೇ ತೆರೆದರು. ಹಿಂದಿನ ದಿನದ ನಕ್ಷೆ, ಅರ್ಧ ಅಳಿಸಿದ ಗೊಂಚಲಿನ ಸಮೇತ, ಇದ್ದ ಹಾಗೆಯೇ ಎದ್ದು ಕೂತಿತು.

"ಸಹೀ ಪಕ್ಡಿದ್ರಿ ಅಕ್ಕಾ. ಈಗಲಾದ್ರೂ ಡಿಲೀಟ್ ಮಾಡ್ಲಾ?"

ಹೂಂ ಎನ್ನಲು ಬಾಯಿ ತೆರೆದವಳು ಹಾಗೆಯೇ ನಿಂತೆ. ದಿನಕ್ಕೊಂದು ಪ್ರತಿ ಇದೆ. ಮೂರು ವರ್ಷದ ಒಂದೊಂದು ದಿನದ್ದೂ ಇದೆ. ಹಾಗಾದರೆ ಆ ಗೌರಿ ಹಬ್ಬದ ಹಿಂದಿನ ದಿನದ್ದು?

"ಕೆಳಗೆ ಹೋಗಿ ಭಾಯ್. ಎರಡು ವರ್ಷ ಹಿಂದಕ್ಕೆ. ನಿಧಾನ" ಎಂದೆ.

ತಾರೀಖು ನನಗೆ ನೆನಪಿರಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಭಾದ್ರಪದದ ಮುಂಚಿನ ಅಮಾವಾಸ್ಯೆ ಅಲ್ಲೇ ಖಾಲಿ ಬಿದ್ದಿತ್ತು. ಅದಾದ ಮೇಲೆ ಪಾಡ್ಯದ್ದೊಂದು ಫೈಲು, ಬಿದಿಗೆಯದ್ದೊಂದು ಫೈಲು, ಆಮೇಲೆ ಹಬ್ಬದ ರಜೆ. ಬಿದಿಗೆಯದ್ದೇ ಆ ಹಾಳು ಸಂಜೆಯದ್ದು. ಅದನ್ನು ಒತ್ತಿದರು. ಫೈಲ್ ಕೆಟ್ಟಿದೆ, ತೆರೆಯಲಾಗದು ಎಂದು ಬಂತು. ಮತ್ತೆ ಒತ್ತಿದರು, ಮತ್ತೆ ಅದೇ. ಎರಡು ವರ್ಷದ ಹಿಂದೆ ತಾತನ ಬಾಗಿಲಲ್ಲಿ ನಿಂತ ಹೆಂಗಸು ಮತ್ತೆ ನನ್ನೊಳಗೆ ಬಂದು ನಿಂತಳು.

"ಪಾಡ್ಯದ್ದು ಒತ್ರಿ" ಎಂದೆ.

ತೆರೆಯಿತು. ಅಂಚು, ಎರಡು ಬದಿಯ ಸೆರಗು, ನಡುವಿನ ಗೊಂಚಲು, ಎಲ್ಲವೂ ಇತ್ತು. ಎರಡು ತಿಂಗಳಿಂದ ತಾತ ತಡಕಾಡುತ್ತಿದ್ದ ಆ ಗೊಂಚಲು ಎಡಕ್ಕೆ ಸ್ವಲ್ಪ ವಾಲಿತ್ತು. ಅದೇ ಅದರ ಗುಟ್ಟು. ನಾವಿಬ್ಬರೂ ಅದನ್ನು ನೆಟ್ಟಗೆ ನಿಲ್ಲಿಸಲು ಹೆಣಗುತ್ತಿದ್ದೆವು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ಭಾಯಿ ಫ್ಯಾನಿನ ವೇಗ ಹೆಚ್ಚಿಸಿ, ಪಕ್ಕದ ಹೋಟೆಲಿಗೆ ಎರಡು ಚಹಾ ಹೇಳಿದರು.

ಆ ಒಂದು ಫೈಲನ್ನು ಎರಡು ಪೆನ್‌ಡ್ರೈವಿಗೆ ಹಾಕಿಸಿದೆ. ಒಂದನ್ನು ಸೆರಗಿಗೆ ಗಂಟು ಹಾಕಿದೆ, ಇನ್ನೊಂದನ್ನು ಭಾಯಿಯ ಗಲ್ಲಾಪೆಟ್ಟಿಗೆಯಲ್ಲೇ ಇರಿಸಿದೆ. ಕಾಗದ ಒಲೆ ಸೇರಲು ಕಾರಣಳಾದವಳಿಗೆ ಬುದ್ಧಿ ಬಂದಿತ್ತು. ಆಮೇಲೆ ಉಳಿದ ಗುಟ್ಟಿನ ಪ್ರತಿಗಳನ್ನೆಲ್ಲ ನಾನೇ ಆರಿಸಿ, ನನ್ನ ಕೈಯಾರೆ ಡಿಲೀಟ್ ಒತ್ತಿದೆ. ಬುಟ್ಟಾ ಹಾಕಿದ್ದ ಅರ್ಧ ಪರದೆ ಬಟಾಬಯಲಾಯಿತು. ಕೆಂಪು ಪಟ್ಟಿ ನೀಲಿಯಾಯಿತು. ಹೊಸ ಬ್ಯಾಟರಿಯನ್ನೂ ಹಾಕಿಸಿದೆ. ಇದನ್ನು ಮೂರು ವರ್ಷದ ಹಿಂದೆಯೇ ಮಾಡಿದ್ದರೆ ಎಂದು ನೀವು ಕೇಳಬಹುದು. ಮಾಡಿದ್ದರೆ ಫೈಲೇ ಹೋಗುತ್ತಿರಲಿಲ್ಲ, ಒಪ್ಪುತ್ತೇನೆ; ಆದರೆ ಪ್ರತಿಗಳನ್ನು ಉಳಿಸಿಕೊಟ್ಟಿದ್ದೂ ನನ್ನ ಸೋಮಾರಿತನವೇ, ಹಾಗಾಗಿ ಅದನ್ನು ನಾನು ಬೈದುಕೊಳ್ಳಲು ತಯಾರಿಲ್ಲ.

ಮೊಳಕಾಲ್ಮೂರಿನಲ್ಲಿ ಬಸ್ಸಿಳಿದಾಗ ಹೊತ್ತು ಇಳಿಯುತ್ತಿತ್ತು. ಮನೆಗೆ ಹೋಗುವ ಮೊದಲು ತಾತನ ಓಣಿಗೆ ನುಗ್ಗಿದೆ. ತಲೆ ಎತ್ತಿಕೊಂಡೇ ಹೋದೆ.

"ಏಳಿ ತಾತ. ನೋಡಾಕೆ ಬರ್ರಿ" ಎಂದೆ.

"ಏನು?"

"ನೀವೇ ನೋಡಿ ಹೇಳ್ರಿ." ಇನ್ನೊಂದು ಮಾತು ಹೇಳಿದ್ದರೆ ನಾನೇ ಅತ್ತುಬಿಡುತ್ತಿದ್ದೆ.

ಕೈ ಹಿಡಿದು ನಮ್ಮ ಮಗ್ಗದ ಕೋಣೆಗೆ ಕರೆತಂದು, ಸ್ಟೂಲಿನ ಮೇಲೆ ಕೂರಿಸಿ, ಲ್ಯಾಪ್‌ಟಾಪಿನ ವೈರು ಚುಚ್ಚಿದೆ. ನಮ್ಮ ಮನೆಯವರು ಮಗ್ಗ ನಿಲ್ಲಿಸಿ ಹಿಂದೆ ಬಂದು ನಿಂತರು. ನಕ್ಷೆ ತೆರೆದು, ಒಂದೊಂದು ಚೌಕ ಹೆಬ್ಬೆರಳಿನಷ್ಟು ಆಗುವವರೆಗೆ ದೊಡ್ಡದು ಮಾಡಿದೆ. ತಾತ ಪರದೆಗೆ ಮುಖ ತಂದರು. ಅಂಚಿನ ಎಡತುದಿಯಿಂದ ನಾನು ನಿಧಾನವಾಗಿ ಸರಿಸುತ್ತಾ ಹೋದೆ, ಅವರ ಬೆರಳು ಗಾಜಿನ ಮೇಲೆ ಜೊತೆಗೇ ಸರಿಯಿತು. ತುಟಿ ಎರಡು ತುಂಬು, ಮೂರು ಬಿಡು ಎನ್ನುತ್ತಿತ್ತು.

ಅಷ್ಟರಲ್ಲಿ ಅತ್ತೆ ದೀಪದ ತಟ್ಟೆ ಹಿಡಿದು ಬಂದರು. ಸೀದಾ ಮೇನ್ ಸ್ವಿಚ್ಚಿಗೆ ಕೈ ಹೋಯಿತು.

"ಅತ್ತೆ, ತಡೀರಿ" ಎಂದೆ.

"ಹೊತ್ತು ಮುಳುಗ್ತು ಕಣೇ."

"ಮೂರು ವರ್ಷದಿಂದ ನನ್ ಡಿಸ್ಕು ತುಂಬಿಸ್ತಿದ್ದೋರು ನೀವೇ. ಈ ಅಂಚು ಉಳ್ಸಿದೋರೂ ನೀವೇ. ಇವತ್ತೊಂದಿನ ತಡೀರಿ."

ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಇತ್ತು, ಮೇನ್ ಬಿದ್ದರೂ ಆರುತ್ತಿರಲಿಲ್ಲ. ಆ ಗಳಿಗೆಯಲ್ಲಿ ನನಗೆ ಅದು ನೆನಪೇ ಆಗಲಿಲ್ಲ, ನೋಡಿ. ಅತ್ತೆಗೆ ನನ್ನ ಮಾತಿನ ತಲೆಬುಡ ತಿಳಿದಂತಿರಲಿಲ್ಲ. ಆದರೆ ಅವರು ತಾತನ ಬೆನ್ನು ನೋಡಿದರು, ಗಾಜಿನ ಮೇಲೆ ಸರಿಯುತ್ತಿದ್ದ ಬೆರಳು ನೋಡಿದರು. ಸ್ವಿಚ್ಚಿನ ಮೇಲಿಂದ ಕೈ ತೆಗೆದರು. ನಾನು ಸೊಸೆಯಾಗಿ ಬಂದ ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

"ನೋಡ್ಕಳ್ಳಲಿ. ದೀಪ ಎಲ್ಲಿಗೂ ಓಡಿ ಹೋಗಲ್ಲ" ಎಂದು ಅಲ್ಲೇ ನಿಂತುಕೊಂಡರು.

ತಾತ ಸೆರಗಿಗೆ ಬಂದರು. ವಾಲಿದ ಗೊಂಚಲು ಬಂತು. ಅವರ ಬೆರಳು ನಿಂತಿತು. "ವಾಲಿತ್ತು. ನಾನೇ ವಾಲ್ಸಿದ್ದೆ, ಗಾಳಿಗೆ ವಾಲೋ ಹಂಗೆ" ಎಂದರು. ಆಮೇಲೆ ಒಂದೊಂದೇ ಹೂವು ಎಣಿಸುತ್ತಾ ಕೆಳಗಿಳಿದು, ಐದನೇ ಹೂವಿನ ಒಳಗೆ, ತುಂಬಬೇಕಾದ ಕಡೆ ತುಂಬದೆ ಬಿಟ್ಟಿದ್ದ ಒಂದು ಚೌಕದ ಮೇಲೆ ಬೆರಳೂರಿದರು. ದೃಷ್ಟಿ ಬೊಟ್ಟು.

ಕಣ್ಣು ತೆಗೆಯದೆ ತುಂಬ ಹೊತ್ತು ನೋಡಿದರು. ಸಂತೋಷವಾದರೆ ಅವರ ಬಾಯಲ್ಲಿ ತೆಲುಗು ಬರುತ್ತದೆ. "ಇಪ್ಪುಡು ಅಯಿಂದಿ" ಎಂದರು. ನಮ್ಮೆಲ್ಲರಿಗೂ ಕೇಳಿಸಲಿ ಎನ್ನುವಂತೆ ಮತ್ತೆ ಕನ್ನಡದಲ್ಲಿ, "ಈಗ ಮುಗೀತಮ್ಮ. ಪೂರ್ತಿ ನೋಡ್ದೆ" ಎಂದರು.

ನಾನು ಫೈಲ್ ಉಳಿಸಿದೆ. ಪ್ರೋಗ್ರಾಮನ್ನು ಕ್ರಮವಾಗಿ ಮುಚ್ಚಿದೆ. ಲ್ಯಾಪ್‌ಟಾಪನ್ನೂ ಕ್ರಮವಾಗಿಯೇ ಆರಿಸಿ, ಅದರ ಸಣ್ಣ ದೀಪ ನಂದುವವರೆಗೆ ಕಾದೆ.

"ಈಗ ಎಳೀರಿ ಅತ್ತೆ" ಎಂದೆ.

ಅವರು ಮೇನ್ ಕೆಳಗೆಳೆದು, ಕತ್ತಲಲ್ಲಿ ಕಡ್ಡಿ ಗೀರಿ ತಾತನ ಕೈಗೆ ಕೊಟ್ಟು, ತಟ್ಟೆಯನ್ನು ಅವರ ಮುಂದೆ ಹಿಡಿದರು. ಆ ಸಂಜೆ ನಮ್ಮ ಮಗ್ಗದ ಮುಂದೆ ದೀಪ ಹಚ್ಚಿದವರು ತಾತ.